ಗರಗಸಪ್ಪನ ಚಿತ್ರ, ಕೊನೆಗೂ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ "ಒಂದು ಕಾಗದ ಬರಿಯೇ, ಎಷ್ಟು ವರ್ಷ ಆಯ್ತು" ಅಂದೆಯಲ್ಲ, ಬರೆಯುತ್ತಿದ್ದೇನೆ. ಊರಿಗೆಲ್ಲಾ ಕಾಣುವ ಹಾಗೆ ಬರೆಯುತ್ತಿದ್ದೇನೆ ಅಂತ ಬೈಯಬೇಡ. ಇದನ್ನು ಓದಿ "ಅಯ್ಯೋ, ನನಗೂ ಹೀಗೇ ಆಗ್ತದೆ" ಅನ್ನುವವರು ನಾಲ್ಕು ಜನ ಇದ್ದೇ ಇರುತ್ತಾರೆ. ಅವರಿಗೂ ಸೇರಿ ಈ ಕಾಗದ. ಎರಡನೇ ಬಸ್ಸಿನ ಕಡಲೆಕಾಯಿ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಗರಗಸಪ್ಪನ ಚಿತ್ರ ಮುಗಿಯಿತು ಕಣೋ.

ಎಂಟನೇ ಕ್ಲಾಸು ನೆನಪಿದೆಯಾ? ಸಮಾಜ ಪಾಠ ಓದಲು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. ಓದುತ್ತಾ ಓದುತ್ತಾ ಸಾಲಿನ ಮಧ್ಯೆ ಅಕ್ಷರ ಕಾಣೆಯಾದವು. 'ವಿಜಯನಗರ'ದಲ್ಲಿ 'ವಿ' ಇತ್ತು, ಕೊನೆಯ 'ಗರ' ಇತ್ತು. ನಡುವೆ ಏನೂ ಇಲ್ಲ. ಕಪ್ಪು ಕಲೆ ಇದ್ದಿದ್ದರೆ ಕಲೆ ಇದೆ ಅಂತಾದರೂ ಹೇಳುತ್ತಿದ್ದೆ. ಅದೂ ಇಲ್ಲ. ಆ ಇಲ್ಲದ ಜಾಗದ ಅಂಚಿನಲ್ಲಿ ಸಣ್ಣಗೆ ಒಂದು ಅಂಕುಡೊಂಕು ಗೆರೆ ಮಿಣಮಿಣ ಅನ್ನುತ್ತಿತ್ತು. ಓದಲು ಬರದೆ ನಾಟಕ ಆಡುತ್ತಾಳೆ ಅಂತ ಬೆಂಚಿನ ಮೇಲೆ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಕಣ್ಣು ಸರಿಹೋಯಿತು. ಆಮೇಲೆ ಬಲಗಡೆಯ ಹಣೆ ಸಿಡಿಯತೊಡಗಿತು. ಮನೆಯಲ್ಲಿ ಅಜ್ಜಿ "ಪಿತ್ತ ನೆತ್ತಿಗೇರಿದೆ" ಅಂತ ಶುಂಠಿ ಅರೆದು ಪಟ್ಟು ಹಾಕಿದಳು. ಎಲ್ಲರೂ "ಏನಾಯ್ತು" ಅಂತಲೇ ಕೇಳಿದರು. "ಹೇಗೆ ಕಾಣ್ತದೆ, ಬರೆದು ತೋರಿಸು" ಅಂದವನು ನೀನೊಬ್ಬನೇ. ರೇಖಾಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ. ನೀನು ಅದಕ್ಕೆ 'ಗರಗಸಪ್ಪ' ಅಂತ ಹೆಸರಿಟ್ಟೆ. ಆದರೆ ಆ ಚಿತ್ರ ಸರಿ ಇರಲಿಲ್ಲ. ಸರಿ ಮಾಡಿ ಕೊಡ್ತೀನಿ ಅಂದಿದ್ದೆ. 26 ವರ್ಷ ಆಯಿತು.

ಇಷ್ಟು ದಿನ ಯಾಕೆ ಆಗಲಿಲ್ಲ ಗೊತ್ತಾ? ಅದನ್ನು ನೋಡಲಿಕ್ಕೇ ಆಗುವುದಿಲ್ಲ. ಕಣ್ಣು ಅದರ ಕಡೆ ಹೊರಳಿಸಿದರೆ ಅದೂ ಹೊರಳುತ್ತದೆ. ಕಣ್ಣು ಮುಚ್ಚಿದರೂ ಇರುತ್ತದೆ. ಒಂದು ಕಣ್ಣು ಮುಚ್ಚಿದರೆ ಇನ್ನೊಂದರಲ್ಲೂ ಅದೇ. ಯಾಕೆಂದರೆ ಅದು ಕಣ್ಣಿನಲ್ಲಿಲ್ಲ, ತಲೆಯ ಹಿಂಭಾಗದಲ್ಲಿ, ಮಿದುಳು ನೋಡುವ ಜಾಗದಲ್ಲಿದೆ. ಅಲ್ಲಿ ಒಂದು ಅಲೆ ಏಳುತ್ತದೆ. ನಿಮ್ಮೂರಿನಲ್ಲಿ ಕಬ್ಬಿನ ರವದಿ ಸುಡುವುದನ್ನು ನೋಡಿದ್ದೀಯಲ್ಲ, ಹಾಗೆ. ಮುಂದೆ ಉರಿಯ ಅಂಚು, ಹಿಂದೆ ಬೂದಿ. ಉರಿ ಅಂದರೆ ನರಕೋಶಗಳು ಒಮ್ಮೆಲೇ ಎದ್ದು ಕೂಗುವುದು, ಅದೇ ನಮಗೆ ಮಿಣುಕುವ ಗೆರೆ. ಬೂದಿ ಅಂದರೆ ಅವು ಸುಸ್ತಾಗಿ ಸುಮ್ಮನಾಗುವುದು, ಅದೇ ನಮಗೆ ಕಾಣದ ಜಾಗ. ಸ್ವಲ್ಪ ಹೊತ್ತಿಗೆ ಮತ್ತೆ ಎಲ್ಲಾ ಮೊದಲಿನ ಹಾಗೆ ಆಗುತ್ತದೆ. ಡಾಕ್ಟರು ಇದಕ್ಕೆ ಮೈಗ್ರೇನ್ ಅನ್ನುವ ತಲೆನೋವಿನ 'ಆರಾ' ಅಂದರು. ಮೈಗ್ರೇನ್ ಇರುವ ಎಲ್ಲರಿಗೂ ಇದು ಬರುವುದಿಲ್ಲ. (ಮೊದಲ ಸಲ ಹೀಗೆ ಆದವರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಡಾಕ್ಟರಿಗೆ ತೋರಿಸಿ. ಪಿತ್ತ ಅಂತ ಸುಮ್ನೆ ಕೂರಬೇಡಿ.)

ಹೋದ ವರ್ಷ ಇದರ ಬಗ್ಗೆ ಓದಲು ಕೂತೆ. ಹ್ಯೂಬರ್ಟ್ ಏರಿ ಅಂತ ಒಬ್ಬ ಇಂಗ್ಲಿಷ್ ಡಾಕ್ಟರು, 1870ರಲ್ಲಿ ತನ್ನದೇ ಆರಾದ ಚಿತ್ರ ಬರೆದು ಪ್ರಕಟಿಸಿದ್ದ. ಮೊದಲು ಒಂದು ಚುಕ್ಕಿ, ಆಮೇಲೆ ಸಣ್ಣ ಬಿಲ್ಲು, ಆಮೇಲೆ ದೊಡ್ಡದು, ಹಂತ ಹಂತವಾಗಿ. ಮೊದಲ ಸಲ ಆ ಚಿತ್ರ ನೋಡಿದಾಗ ನನಗೆ ಅಳು ಬಂತು. 150 ವರ್ಷದ ಹಿಂದೆ, ಸಮುದ್ರದಾಚೆ, ಯಾರೋ ನನ್ನ ತಲೆಯೊಳಗೆ ಕೂತು ಬರೆದ ಹಾಗಿತ್ತು. ಅವನ ಅಪ್ಪ ಜಾರ್ಜ್ ಏರಿ ದೊಡ್ಡ ಖಗೋಳ ವಿಜ್ಞಾನಿ. ಅವನಿಗೂ ಹೀಗೇ ಆಗುತ್ತಿತ್ತು, ಅವನೂ ಅದನ್ನು ಬರೆದಿಟ್ಟಿದ್ದ. ಮಗ ಅದಕ್ಕೆ ಇಟ್ಟ ಹೆಸರು 'ಟೈಕಾಪ್ಸಿಯಾ'. ಗ್ರೀಕಿನಲ್ಲಿ ಊರಿನ ಕೋಟೆಗೋಡೆ ಅಂತ ಅರ್ಥ ಬರುವ ಮಾತಿನಿಂದ ಮಾಡಿದ್ದು. ಕೋಟೆಯನ್ನು ಮೇಲಿನಿಂದ ನೋಡಿದರೆ ಕೊತ್ತಳಗಳು ಅಂಕುಡೊಂಕಾಗಿ ಕಾಣುತ್ತವಲ್ಲ, ಹಾಗಿದೆ ಅಂತ.

ಅದನ್ನು ಓದಿ ನಾನು ಎದ್ದು ಹೋಗಿ ಟ್ರಂಕು ತೆಗೆದೆ. ಅಜ್ಜಿಯ ಇಳಕಲ್ ಸೀರೆ, ತೋಪು ತೆನೆ ಸೆರಗಿನದು. ಕೆಂಪು ಸೆರಗಿನ ಮೇಲೆ ಬಿಳಿ ಹಲ್ಲು, ಬಿಳಿಯ ಸಂದಿಯಲ್ಲಿ ಕೆಂಪು ಹಲ್ಲು. ತೆನೆ ಅಂದರೆ ಜೋಳದ ತೆನೆ ಅಂತ ನಾನು ಅಂದುಕೊಂಡಿದ್ದೆ. ಹೌದು, ಅದೇ. ಆದರೆ ಕೋಟೆಗೋಡೆಯ ಮೇಲೆ ಹಲ್ಲಿನ ಹಾಗೆ ಎದ್ದಿರುತ್ತದಲ್ಲ, ಅದಕ್ಕೂ ಕನ್ನಡದಲ್ಲಿ ತೆನೆ ಅಂತಲೇ ಹೆಸರು. ಕಿಟಕಿಯ ಬಿಸಿಲಿಗೆ ಸೆರಗು ಹಿಡಿದು ಮೂಗಿನ ಹತ್ತಿರ ತಂದೆ. ಕೆಂಪು ಬಿಳಿ ಕೆಂಪು ಬಿಳಿ. ಎರಡೂ ಒಂದನ್ನೊಂದು ತಳ್ಳಿದ ಹಾಗೆ, ಅಲುಗಿದ ಹಾಗೆ ಕಂಡಿತು. ಕಾಗದದ ಮೇಲೆ ಮಿಣುಕನ್ನು ಹೇಗೆ ತರುವುದು ಅಂತ ನಾನು ಒದ್ದಾಡುತ್ತಿದ್ದೆ. ಉತ್ತರ ಟ್ರಂಕಿನಲ್ಲಿ, ನ್ಯಾಫ್ತಲಿನ್ ಗುಳಿಗೆಗಳ ಮಧ್ಯೆ ಇತ್ತು.

ಬಣ್ಣ ಸಿಕ್ಕಿತು. ಇನ್ನು ಆಕಾರ. ಅದಕ್ಕೆ ದಾರಿ ತೋರಿಸಿದ್ದು ಕಾರ್ಲ್ ಲ್ಯಾಶ್ಲಿ ಅನ್ನುವ ಅಮೆರಿಕದ ಮನೋವಿಜ್ಞಾನಿ. ಅವನು 1941ರಲ್ಲಿ ತನ್ನ ಆರಾವನ್ನೇ ಅಳೆದ. ಒಂದು ಚುಕ್ಕಿಯ ಮೇಲೆ ಕಣ್ಣು ನೆಟ್ಟು, ಕಾಣದ ಜಾಗದ ಅಂಚನ್ನು ಹೊತ್ತು ಹೊತ್ತಿಗೆ ಗುರುತು ಮಾಡಿದ. ಆ ಅಲೆ ಮಿದುಳಿನ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಹೋಗುತ್ತದೆ ಅಂತ ಲೆಕ್ಕ ಹಾಕಿದ. ಮೂರು ವರ್ಷ ಆದ ಮೇಲೆ ಲಿಯಾವೊ ಅನ್ನುವ ಬ್ರೆಜಿಲಿನ ವಿಜ್ಞಾನಿ ಮೊಲದ ಮಿದುಳಿನಲ್ಲಿ ಹೆಚ್ಚು ಕಡಿಮೆ ಅದೇ ವೇಗದ ಅಲೆಯನ್ನು ಕಂಡ. ನೋಡು, ಒಬ್ಬ ಕೂತು ಬರೆದ ಗೆರೆಯಿಂದ ಎಲ್ಲಿಯವರೆಗೆ ಹೋಯಿತು! ಲ್ಯಾಶ್ಲಿ ಇನ್ನೊಂದು ವಿಷಯ ಬರೆದಿದ್ದಾನೆ. ಗೆಳೆಯನ ಜೊತೆ ಮಾತಾಡುತ್ತಾ ಕಣ್ಣು ಸ್ವಲ್ಪ ಬಲಕ್ಕೆ ಸರಿಸಿದಾಗ ಗೆಳೆಯನ ತಲೆ ಮಾಯವಾಯಿತಂತೆ. ಭುಜ, ಟೈ ಹಾಗೇ ಇವೆ. ತಲೆ ಇದ್ದ ಜಾಗದಲ್ಲಿ ಹಿಂದಿನ ಗೋಡೆಯ ಉದ್ದಗೆರೆಗಳು ಟೈ ತನಕ ಇಳಿದು ಬಂದಿದ್ದವಂತೆ. ಮಿದುಳು ತೂತನ್ನು ತೂತು ಅಂತ ತೋರಿಸುವುದಿಲ್ಲ, ಸುತ್ತಲಿನದನ್ನು ಎಳೆದು ಮುಚ್ಚುತ್ತದೆ. ಇದನ್ನು ಓದಿದ ರಾತ್ರಿ ನಿನಗೆ ಫೋನ್ ಮಾಡಿ ನಕ್ಕಿದ್ದೆ, ಅಲ್ವಾ?

1980ರಲ್ಲಿ ಬ್ರಿಟನ್ನಿನಲ್ಲಿ ಮೈಗ್ರೇನ್ ಚಿತ್ರಗಳ ಸ್ಪರ್ಧೆಯನ್ನೇ ಶುರು ಮಾಡಿದ್ದರು. ಒಟ್ಟು ನಾಲ್ಕು ಸಲ ನಡೆಯಿತು, ಐನೂರಕ್ಕೂ ಜಾಸ್ತಿ ಚಿತ್ರ ಬಂದವು. ಕಲಾವಿದರೇ ಆಗಬೇಕು ಅಂತೇನಿರಲಿಲ್ಲ. ಮುರಿದ ಕನ್ನಡಿಯ ಹಾಗಿರುವ ಬೀದಿಗಳು, ಅರ್ಧ ಮುಖದ ಮನುಷ್ಯರು. ಜರ್ಮನಿಯ ಹಿಲ್ಡೆಗಾರ್ಡ್ ಅನ್ನುವ 12ನೇ ಶತಮಾನದ ಸನ್ಯಾಸಿನಿಯ ದರ್ಶನಗಳೂ ಮೈಗ್ರೇನಿನಿಂದಲೇ ಬಂದವು ಅಂತ 1917ರಲ್ಲಿ ಚಾರ್ಲ್ಸ್ ಸಿಂಗರ್ ವಾದಿಸಿದ. ನನಗೆ ಅದು ಇಷ್ಟವಾಗಲಿಲ್ಲ. ಅವಳು ದೇವರನ್ನು ಕಂಡೆ ಅಂದಳು, ನಾವು ಎಂಟು ನೂರು ವರ್ಷ ಬಿಟ್ಟು ಚೀಟಿ ಬರೆದು ಕೊಡುವುದು ಯಾಕೆ? ನಮ್ಮ ಕರ್ನಾಟಕದಲ್ಲೇ ನಿಮ್ಹಾನ್ಸ್‌ನವರು ಸೇರಿ ಮಾಡಿದ ಸಮೀಕ್ಷೆ 2015ರಲ್ಲಿ ಬಂತು. ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇದೆ ಅಂತ ಅದರಲ್ಲಿದೆ. ಅಷ್ಟು ಜನ ಇದ್ದೇವೆ. ಬರೆದು ತೋರಿಸು ಅಂತ ಎಷ್ಟು ಜನರನ್ನು ಯಾರು ಕೇಳಿದ್ದಾರೆ ಹೇಳು.

ಸರಿ. ಈಗ ಆ ದಿನದ ಕತೆ.

ನಡುಮನೆಯ ಹಸಿರು ಗೋಡೆಯ ಮೇಲೆ ಒಂದು ಹಣೆಬೊಟ್ಟು ಅಂಟಿಸಿ ಇಟ್ಟಿದ್ದೆ. ಅದೇ ನನ್ನ ಚುಕ್ಕಿ. ತೊಡೆಯ ಮೇಲೆ ಹಲಗೆ, ಹಾಳೆ, ಪಕ್ಕದಲ್ಲಿ ಗಡಿಯಾರ. ಸಂಜೆ ನಾಲ್ಕೂವರೆಗೆ ಶುರುವಾಯಿತು. ಬೊಟ್ಟಿನ ಎಡಕ್ಕೆ ಸಾಸಿವೆಯಷ್ಟು ಜಾಗ ಅಳಿಸಿತು. ಮೊದಲ ಹತ್ತು ನಿಮಿಷ ಅದು ತೆವಳಿತು. ಹಲ್ಲುಗಳು ಸಣ್ಣ ಸಣ್ಣವು, ಅಕ್ಕಿನುಚ್ಚಿನ ಹಾಗೆ. ಆಮೇಲೆ ಬಿಲ್ಲು ಬಾಗಿ ಹೊರಕ್ಕೆ ಓಡಿತು, ಹಲ್ಲುಗಳೂ ದೊಡ್ಡವಾದವು. ಅಲೆ ಒಂದೇ ವೇಗದಲ್ಲಿ ಹೋಗುತ್ತದೆ. ಆದರೆ ಮಿದುಳು ನೋಟದ ನಟ್ಟನಡುವಿಗೆ ಜಾಸ್ತಿ ಜಾಗ ಕೊಟ್ಟಿದೆ, ಅಂಚಿಗೆ ಕಡಿಮೆ. ಅದಕ್ಕೇ ಹೀಗೆ. ನನ್ನ ಕೈ ತಾನಾಗಿ ಬರೆಯುತ್ತಿತ್ತು. ಅಷ್ಟರಲ್ಲಿ ಮಗಳು ಸ್ಕೂಲಿನಿಂದ ಬಂದು ಗೋಡೆಗೆ ಒರಗಿ ಎದುರಿಗೇ ಕೂತಳು. ಸರಿಯಾಗಿ ಬೊಟ್ಟಿನ ಎಡಕ್ಕೆ.

ಅವಳ ಮುಖ ಇರಲಿಲ್ಲ ಕಣೋ. ಯೂನಿಫಾರ್ಮಿನ ಕಾಲರ್ ಇತ್ತು, ಅದರ ಮೇಲೆ ಹಸಿರು ಗೋಡೆ. ಎರಡು ಜಡೆಯ ರಿಬ್ಬನ್ ತುದಿ ಭುಜದ ಮೇಲೆ. ಆ ಹಸಿರಿನಿಂದ ಅವಳ ದನಿ ಬರುತ್ತಿತ್ತು. ಯಾರದೋ ಡಬ್ಬಿಯಲ್ಲಿ ಹಲ್ಲಿ ಬಿದ್ದ ಕತೆ. ನನಗೆ ಆಗ ಎಷ್ಟು ಖುಷಿಯಾಯಿತು ಅಂದರೆ, ಲ್ಯಾಶ್ಲಿಯ ಟೈ ಸಿಕ್ಕಿತು ಅನ್ನಿಸಿತು. ಕಣ್ಣು ಕದಲಿಸಲಿಲ್ಲ. ಹ್ಞೂಂ, ಹ್ಞೂಂ ಅನ್ನುತ್ತಾ ಬರೆದೆ. ಸ್ವಲ್ಪ ಹೊತ್ತಾದ ಮೇಲೆ ಅವಳೆಂದಳು, "ಅಮ್ಮಾ, ನಾನು ಆಗಲೇ ನಿಲ್ಲಿಸಿದೆ."

ಇಷ್ಟನ್ನೇ ಬರೆಯಬೇಕು ಅಂತಿದ್ದೆ. ಆದರೆ ನಿನ್ನ ಹತ್ತಿರ ಅರ್ಧ ಹೇಳಿ ಅಭ್ಯಾಸವಿಲ್ಲ.

ಅವತ್ತು ಅದು ತಾನಾಗಿ ಬರಲಿಲ್ಲ. ನಾನು ಬರಿಸಿಕೊಂಡೆ. ಹಿಂದಿನ ರಾತ್ರಿ ಬೇಕಂತಲೇ ನಿದ್ದೆಗೆಟ್ಟೆ. ಬೆಳಿಗ್ಗೆ ತಿಂಡಿ ಬಿಟ್ಟೆ, ಮಧ್ಯಾಹ್ನ ಊಟ ಬಿಟ್ಟು ಬಿಸಿಲಿನಲ್ಲಿ ನಿಂತೆ. ಅದಕ್ಕೂ ಮುಂಚೆ ಎರಡು ಸಲ ಹೀಗೆ ಮಾಡಿದ್ದೆ, ಬಂದಿರಲಿಲ್ಲ. ಮೂರನೇ ಸಲ ಬಂತು. ಆಮೇಲೆ ಬರುವ ನೋವು ಗೊತ್ತಿದ್ದೂ ಅದಕ್ಕೆ ಕಾದೆ. ಸಣ್ಣವಳಿದ್ದಾಗ ಯಾವುದು ಬಂದರೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿ ಅಳುತ್ತಿದ್ದೆನೋ, ಅದು ಬರಲಿ ಅಂತ ಕಾದೆ. ರಾತ್ರಿ ಕತ್ತಲೆ ಕೋಣೆಯಲ್ಲಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೆ. ಮಗಳು ತಾನೇ ಅನ್ನ ಮೊಸರು ಕಲಸಿಕೊಂಡು ತಿಂದಳು. ಚಮಚ ತಟ್ಟೆಗೆ ತಾಗಿ ಸದ್ದಾಗದ ಹಾಗೆ ತಿನ್ನುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು.

ವಾರ ಬಿಟ್ಟು ಚಿತ್ರ ಮುಗಿಸಿ ಅವಳಿಗೆ ತೋರಿಸಿದೆ. ಕೆಂಪು ಬಿಳಿ ತೆನೆಯ ಬಿಲ್ಲು, ಒಳಗೆ ಹಸಿರು, ಕೆಳಗೆ ಕಾಲರ್, ರಿಬ್ಬನ್ ತುದಿ. ತುಂಬಾ ಹೊತ್ತು ನೋಡಿದಳು. "ಚೆನ್ನಾಗಿದೆ. ಇದರಲ್ಲಿ ನಾನೆಲ್ಲಿ?" ಅಂದಳು. ಅಲ್ಲಿ ಅವಳ ಮುಖ ಬರೆದರೆ ನಾನು ಕಂಡಿದ್ದು ಸುಳ್ಳಾಗುತ್ತದೆ. ಬರೆಯದಿದ್ದರೆ ಅವಳು ಅಲ್ಲಿದ್ದದ್ದು ಸುಳ್ಳಾಗುತ್ತದೆ. ನನಗೆ ಮಾತೇ ಹೊರಡಲಿಲ್ಲ. ಆವತ್ತಿನಿಂದ ಒಂದು ಊಟವನ್ನೂ ಬಿಟ್ಟಿಲ್ಲ, ಇದು ನಿನ್ನ ಮೇಲಾಣೆ.

ಸಾಕು, ಜಾಸ್ತಿ ಆಯಿತು. ಮರುದಿನ ಅವಳು ಪೆನ್ಸಿಲ್ ತಗೊಂಡು ಆ ಹಸಿರಿನ ಮಧ್ಯೆ ಚಿಕ್ಕದಾಗಿ 27 ಅಂತ ಬರೆದಿಟ್ಟಿದ್ದಾಳೆ. ಕ್ಲಾಸಿನಲ್ಲಿ ಅವಳ ಹಾಜರಿ ನಂಬರ್. ಅಳಿಸಿಲ್ಲ, ಹಾಗೇ ಕಟ್ಟು ಹಾಕಿಸುತ್ತೇನೆ.

ದಸರಾಕ್ಕೆ ಬಂದರೆ ಚಿತ್ರ ನಿನ್ನ ಕೈಗೇ ಕೊಡುತ್ತೇನೆ, ಪೋಸ್ಟಿನಲ್ಲಿ ಕಳಿಸುವುದಿಲ್ಲ. ಬರುವಾಗ ಆ ಚೌಕಳಿ ಅಂಗಿ ಹಾಕಿಕೊಂಡು ಬಾ. ಕಡಲೆಕಾಯಿ ನಾನು ತರುತ್ತೇನೆ, ಈ ಸಲ ಲೆಕ್ಕ ಹಾಕುವುದು ಮಗಳು. ಮತ್ತೆ, ಹಸಿರು ಗೋಡೆಗೆ ಒರಗಿ ಮಾತ್ರ ಕೂರಬೇಡ.

ನಿನ್ನ,
ಕೊನೆಯ ಬೆಂಚಿನವಳು