ಅಡಿಕೆಗಿರುವ ಟೆಂಡರ್ ಅಮ್ಮನ ಗಿಂಡಿಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು, ಉದ್ದ ಆದರೆ ಕತ್ತರಿಸಿಕೊಳ್ಳಿ.

ಮಳೆಗಾಲ ಮುಗಿದ ಮೇಲೆ ನಮ್ಮ ಮನೆ ಹಿಸ್ಸೆ ಆಯಿತು. ತೋಟ, ಗದ್ದೆ ಎಲ್ಲ ಗಲಾಟೆಯಿಲ್ಲದೆ ಹಂಚಿಕೆಯಾಯಿತು. ಗಲಾಟೆ ಆಗಿದ್ದು ಅಟ್ಟದ ಮೇಲಿನ ಸಾಮಾನಿಗೆ, ಅದೂ ನನಗೆ ಬೇಕು ಅಂತಲ್ಲ, ನನಗೆ ಬೇಡ ಅಂತ! ನನ್ನ ಮನೆಯಲ್ಲಿ ಜಾಗ ಇಲ್ಲ, ತಮ್ಮ ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ತಂಗಿ ಮನೆಯಲ್ಲಿ ಆಗಲೇ ಅವಳ ಅತ್ತೆಯ ಸಾಮಾನು ತುಂಬಿದೆ. ಕೊನೆಗೆ ಹಳೇ ಪಾತ್ರೆ ಕೊಳ್ಳುವವನು ಓಮ್ನಿಯಲ್ಲಿ ಬಂದ. ಕಂಚಿನ ಬಟ್ಟಲು, ತಾಮ್ರದ ಹಂಡೆ, ಎರಡು ಕಾಲುದೀಪ, ಗಿಳಿಯ ಆಕಾರದ ಅಡಕತ್ತರಿ, ಅಮ್ಮನ ಹಿತ್ತಾಳೆ ಗಿಂಡಿ, ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಕೊಕ್ಕೆ ತಕ್ಕಡಿಗೆ ನೇತು ಹಾಕಿದ. ಕೆಜಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿಸಿಕೊಂಡು ನಾವು ಮೂವರೂ ಏನೋ ಗೆದ್ದವರ ಹಾಗೆ ಚಹಾ ಕುಡಿದೆವು. ಅಜ್ಜಯ್ಯನ ಕೋಟಿನ ಗಡಿಯಾರವನ್ನೂ ಅವನು ಕೈಗೆತ್ತಿಕೊಂಡು, "ಇದು ಓಡಲ್ಲ ಯಜಮಾನ್ರೇ, ಇನ್ನೂರು ಕೊಡ್ತೀನಿ, ಇದರ ಜೊತೆಗೇ ಹಾಕಿಬಿಡಿ" ಅಂದ. ತಂಗಿ ಮಾತಾಡದೆ ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಆ ದಿನ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೇ.

ಹದಿನೈದು ದಿನ ಆಗಿತ್ತು. ತಮ್ಮನ ಮಗ ಮೊಬೈಲ್ ಹಿಡಿದುಕೊಂಡು ಬಂದು "ದೊಡ್ಡಪ್ಪ, ಇದು ನಮ್ಮನೇದಲ್ವಾ?" ಅಂದ. ಆನ್‌ಲೈನ್ ಹರಾಜು. ಕರಿ ಬಟ್ಟೆ ಹಾಸಿ, ಮೇಲಿಂದ ಬೆಳಕು ಬಿಟ್ಟು ತೆಗೆದ ಫೋಟೋ. ಗಿಂಡಿ ಫಳಫಳ ಹೊಳೆಯುತ್ತಿದೆ. ಮೊದಲು ನಾನು ನಂಬಲಿಲ್ಲ, ಎಲ್ಲ ಗಿಂಡಿಯೂ ಗಿಂಡಿ ತರವೇ ಇರುತ್ತದೆ ಅಲ್ವಾ. ಅವನು ತಳದ ಫೋಟೋ ತೋರಿಸಿದ. ಅಮ್ಮ ಅದರ ಮೇಲೆ ಹೆಸರು ಹಾಕಿಸಿದ್ದರು. ಮೊಳೆಯಲ್ಲಿ ಚುಕ್ಕಿ ಚುಕ್ಕಿ ಕುಟ್ಟಿ ಬರೆಯುತ್ತಿದ್ದರಲ್ಲ, ಆ ತರ. ಬರೆದವನಿಗೆ ಜಾಗ ಸಾಲದೆ ಕೊನೆಯ "ಮ್ಮ" ಕೆಳಕ್ಕೆ ಜಾರಿ, ತಳದ ಅಂಚಿಗೆ ಬಂದು ನಿಂತಿದೆ. ಆ ಜಾರಿದ "ಮ್ಮ" ನಾನು ಮೂರನೇ ಕ್ಲಾಸಿನಿಂದ ನೋಡಿದ್ದು.

ಸಿಟ್ಟು ಬಂದಿದ್ದು ಬೆಲೆ ನೋಡಿ ಅಲ್ಲ. ನಾವು ತೂಕಕ್ಕೆ ಹಾಕಿದಾಗ ಅದಕ್ಕೆ ಐನೂರು ರೂಪಾಯಿ ಆಸುಪಾಸು ಬಂದಿರಬಹುದು, ಅಲ್ಲಿ ಸವಾಲು ಶುರುವಾಗುವುದೇ 2,500ಕ್ಕೆ. ಸರಿ, ವ್ಯಾಪಾರ ಅವನ ಕಸುಬು, ಲಾಭ ಮಾಡಿಕೊಳ್ಳಲಿ. ಸಿಟ್ಟು ಬಂದಿದ್ದು ಕೆಳಗೆ ಬರೆದದ್ದು ಓದಿ: "200 ವರ್ಷ ಹಳೆಯದು, ನಾಯಕ ಅರಸರ ಮನೆತನದ್ದು." ಯಾವ ಅರಸರು ಸ್ವಾಮೀ! ನಮ್ಮಮ್ಮ ಮದುವೆಯಾಗಿ ಬಂದ ವರ್ಷ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಚೌಕಾಸಿ ಮಾಡಿ ತಂದ ಗಿಂಡಿ ಅದು.

ಇನ್ನೊಂದು ತಮಾಷೆ ಇದೆ. ಅದು ನಿಜವಾಗಲೂ 200 ವರ್ಷದ್ದಾಗಿದ್ದರೆ ಅವನು ಹೀಗೆ ಮಾರುವ ಹಾಗೇ ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಅಂತ ಒಂದಿದೆ, 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾವಸ್ತು ಇಂಥವು ಪುರಾತನ ವಸ್ತು. ಓಲೆಗರಿ, ಹಸ್ತಪ್ರತಿಗಳಿಗಾದರೆ ಎಪ್ಪತ್ತೈದೇ ವರ್ಷ. ಅವುಗಳ ವ್ಯಾಪಾರ ಮಾಡಲು ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು, ಕೆಲವು ಬಗೆಯವನ್ನು ಮನೆಯಲ್ಲಿಟ್ಟುಕೊಳ್ಳಲೂ ನೋಂದಣಿ ಆಗಬೇಕು, ಖಾಸಗಿಯವರು ದೇಶದ ಹೊರಗಂತೂ ಕಳಿಸುವಂತೆಯೇ ಇಲ್ಲ. ಅಂದರೆ ಆ ಪುಣ್ಯಾತ್ಮ ಬರೆದದ್ದು ಸುಳ್ಳಾದರೆ ಗಿರಾಕಿಗೆ ಮೋಸ, ನಿಜವಾದರೆ ಕಾನೂನಿಗೆ ಮೋಸ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಅಡಿಕೆ ಮಂಡಿಗೆ ಹಾಕುವಾಗ ನಾವು ಹೇಗಿರುತ್ತೇವೆ ನೋಡಿ. ಬೆಳಿಗ್ಗೆ ನಿಮ್ಮ ಪತ್ರಿಕೆ ಕೈಗೆ ಬಂದರೆ ಮೊದಲು ನೋಡುವುದೇ ಧಾರಣೆ. ಅಡಿಕೆಯ ದರ್ಜೆಗಳಲ್ಲಿ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಕಡಿಮೆ ಬೆಲೆಯ ಗೊರಬಲು ಎಷ್ಟು. ಮಂಡಿಯಲ್ಲಿ ನಮ್ಮ ಚೀಲಕ್ಕೆ ನಂಬರ್ ಬೀಳುತ್ತದೆ, ಸ್ಯಾಂಪಲ್ ಬಿಚ್ಚಿಡುತ್ತಾರೆ, ವ್ಯಾಪಾರಿಗಳು ಕೈಯಲ್ಲಿ ಹಿಡಿದು, ಒಡೆದು ನೋಡಿ ಟೆಂಡರ್ ಬರೆಯುತ್ತಾರೆ, ರೇಟು ಒಪ್ಪಿಗೆಯಾಗದಿದ್ದರೆ ಇವತ್ತು ಕೊಡಲ್ಲ ಅಂತ ಹೇಳಿ ಬರುವ ಹಕ್ಕೂ ನಮಗಿದೆ. ಕಮಿಷನ್ ಎಷ್ಟು, ಹಮಾಲಿ ಎಷ್ಟು ಅಂತ ಚೀಟಿಯಲ್ಲಿ ಬರುತ್ತದೆ. ಒಂದು ಕ್ವಿಂಟಲ್ ಗೊರಬಲಿಗೆ ಇಷ್ಟೆಲ್ಲ ಮಾಡುವ ನಾವು, ನಾಲ್ಕು ತಲೆಮಾರಿನ ಸಾಮಾನನ್ನು ಅಂಗಳದಲ್ಲಿ ಒಬ್ಬನೇ ಗಿರಾಕಿಗೆ, ಅವನದೇ ತಕ್ಕಡಿಯಲ್ಲಿ, ಅವನು ಹೇಳಿದ ರೇಟಿಗೆ ಕೊಟ್ಟು ಕಳಿಸುತ್ತೇವೆ.

ಒಡವೆ ಕಥೆಯೂ ಇದೇ. ಅಮ್ಮಮ್ಮನ ಅಡ್ಡಿಕೆ, ಅವಲಕ್ಕಿ ಸರ, ಬುಗುಡಿ, ಇವನ್ನು ಹಳೇ ಚಿನ್ನ ಅಂತ ಅಂಗಡಿಗೆ ಕೊಟ್ಟರೆ ಒರೆಗಲ್ಲಿಗೆ ಉಜ್ಜಿ, ಕಲ್ಲಿನ ತೂಕ ಕಳೆದು, ಒಳಗಿನ ಅರಗಿನ ತೂಕ ಕಳೆದು, ಕರಗಿಸಿದ್ದರಲ್ಲೂ ಸ್ವಲ್ಪ ಕಳೆದು ಬೆಲೆ ಕಟ್ಟುತ್ತಾರೆ. ಅದೆಲ್ಲ ಲೆಕ್ಕಕ್ಕೆ ಸರಿಯೇ, ಹಳೇ ಪೊಳ್ಳು ಒಡವೆಗಳಲ್ಲಿ ಅರಗು ಇರುತ್ತದೆ. ಆದರೆ ಆ ಕುಸುರಿ ಕೆಲಸಕ್ಕೆ ಒಂದು ರೂಪಾಯಿಯೂ ಇಲ್ಲ. ಸಾಲಕ್ಕೆ ಇಟ್ಟ ಚಿನ್ನ ಹರಾಜಿಗೆ ಬಂದಾಗಲೂ ಅಷ್ಟೇ, ಕೊಳ್ಳಲು ಬರುವವರು ನೋಡುವುದು ಗ್ರಾಮ್ ಮಾತ್ರ. (ಸಾಲಗಾರರಿಗೆ ಒಂದು ಮಾತು: ಹರಾಜಿನಲ್ಲಿ ನಿಮ್ಮ ಬಾಕಿಗಿಂತ ಜಾಸ್ತಿ ಬಂದರೆ ಉಳಿದ ಹಣ ನಿಮ್ಮದು, ಕೇಳಿ ತಗೊಳ್ಳಿ. ಎಷ್ಟೋ ಜನ ನಾಚಿಕೆಯಿಂದ ಆ ಕಡೆ ತಲೆ ಹಾಕುವುದೇ ಇಲ್ಲ.) ಕೊಡುವ ಮೊದಲು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಷ್ಟು ಕ್ಯಾರೆಟ್ ಅಂತ ನಾವೇ ಪರೀಕ್ಷೆ ಮಾಡಿಸಬಹುದು, ಖರ್ಚು ಹೆಚ್ಚಿಲ್ಲ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಆದಾಗ ಮನೆಯಲ್ಲಿರುವ ಹಳೇ ಒಡವೆ ಮಾರಲು ಆಗುವುದೇ ಇಲ್ಲ ಅಂತ ಯಾರೋ ಹಬ್ಬಿಸಿದರು. ಅದು ಸುಳ್ಳು. ಆ ನಿಯಮ ಅಂಗಡಿಯವರು ನಮಗೆ ಮಾರುವಾಗಿನದು, ನಾವು ಅವರಿಗೆ ಮಾರುವಾಗಿನದಲ್ಲ.

ಗಡಿಯಾರದ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಅಲ್ಲಿ ನಾವು ಮಾರಿ ಕೆಡುವುದು ಸ್ವಲ್ಪದರಲ್ಲಿ ತಪ್ಪಿತು, ಕೊಂಡು ಕೆಟ್ಟೆವು. ತಮ್ಮನ ಮಗನಿಗೆ ಎಚ್‌ಎಂಟಿ ಹುಚ್ಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಗಡಿಯಾರ ಕಾರ್ಖಾನೆ, ಆಮೇಲೆ ತುಮಕೂರಿಗೂ ಬಂತು, 2016ರಲ್ಲಿ ಮುಚ್ಚಿತು. ಮುಚ್ಚಿದ ಮೇಲೆ ಎಲ್ಲರಿಗೂ ಪ್ರೀತಿ ಬಂತು ನೋಡಿ! ಅವನು ಹರಾಜಿನಲ್ಲಿ ಪೈಲಟ್ ಅನ್ನುವ ಮಾಡೆಲಿನ ಒಂದು ಎಚ್‌ಎಂಟಿ ವಾಚ್ ಹಿಡಿದ. ಬಂದಾಗ ಡಯಲ್ ಹೊಸ ತಟ್ಟೆಯ ಹಾಗೆ ಮಿಂಚುತ್ತಿತ್ತು, ಹಿಂದಿನ ಮುಚ್ಚಳ ನೋಡಿದರೆ ಗೀರು ಗೀರು. ಗಾಂಧಿ ಬಜಾರಿನ ವಾಚ್ ರಿಪೇರಿಯವರು ಭೂತಗನ್ನಡಿ ಕಣ್ಣಿಗಿಟ್ಟು ಒಂದೇ ನಿಮಿಷ ನೋಡಿ, "ಡಯಲಿಗೆ ಬಣ್ಣ ಹೊಡೆದಿದ್ದಾರೆ ಮಗಾ, ಅಕ್ಷರ ನೋಡು, ಒಂದು ದಪ್ಪ ಒಂದು ಸಣ್ಣ. ಒಳಗಿನ ಮೆಷಿನ್ ಬೇರೆ ಮಾಡೆಲಿನದು" ಅಂದರು. ಹರಾಜಿನವರಿಗೆ ಬರೆದರೆ "ಇದ್ದದ್ದು ಇದ್ದ ಹಾಗೆ ಮಾರಾಟ" ಅನ್ನುವ ನಿಯಮ ತೋರಿಸಿದರು. ಸವಾಲು ಕೂಗಿದ ಬೆಲೆಯ ಮೇಲೆ ಕಮಿಷನ್, ಅದಕ್ಕೆ ತೆರಿಗೆ, ಕೊರಿಯರ್ ಎಲ್ಲ ಸೇರಿ ಅವನು ಕಟ್ಟಿದ್ದೇ ಬೇರೆ ಮೊತ್ತ. ಇಂಥವನ್ನು ಕೊಳ್ಳುವವರು ಮುಚ್ಚಳ ತೆಗೆದ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಅದೇ ದಿನ ತಂಗಿ ಅಜ್ಜಯ್ಯನ ಗಡಿಯಾರವನ್ನೂ ಅವರ ಮುಂದಿಟ್ಟಳು. ಅವರು ಬಿಚ್ಚಿ ನೋಡಿದರು, ಏನೂ ಮುರಿದಿರಲಿಲ್ಲ. ವರ್ಷಗಟ್ಟಲೆ ಕೀ ಕೊಡದೆ ಇಟ್ಟಿದ್ದಕ್ಕೆ ಒಳಗಿನ ಎಣ್ಣೆ ಅಂಟಾಗಿ ಚಕ್ರ ಕಚ್ಚಿಕೊಂಡಿತ್ತು, ಅಷ್ಟೇ. ತೊಳೆದು ಹೊಸ ಎಣ್ಣೆ ಬಿಟ್ಟರು, ಓಡಿತು. "ಕೇಸಿಗೆ ಪಾಲಿಶ್ ಹಾಕಿಸಬೇಡಿ, ಡಯಲಿನ ಕಲೆ ಮುಟ್ಟಬೇಡಿ. ಹಳೇದು ಕೊಳ್ಳೋರು ಅದಕ್ಕೇ ದುಡ್ಡು ಕೊಡೋದು" ಅಂದರು. ಮನೆಗೆ ತಂದ ಕೂಡಲೇ ಹುಣಸೆಹಣ್ಣು ಹಾಕಿ ಉಜ್ಜುವ ನಮ್ಮಂಥವರಿಗೆ ಇದು ಯಾರು ಹೇಳಿದ್ದರು?

ತಂಗಿಯ ಮಗಳಿಗೆ ಕಲ್ಲಿನ ಹುಚ್ಚು. ಕುಂಸಿ ಕಡೆಯಿಂದ ತಂದ ಕರಿ ಮ್ಯಾಂಗನೀಸ್ ಕಲ್ಲಿಗೂ ಊರ ಹೆಸರು ಬರೆದ ಚೀಟಿ ಅಂಟಿಸಿ ಇಟ್ಟಿದ್ದಾಳೆ. ನಾನು ನಕ್ಕಿದ್ದೆ. ಆಮೇಲೆ ಗೊತ್ತಾಯಿತು, ಹರಳು ಖನಿಜದ ಹರಾಜಿನಲ್ಲಿ ಆ ಚೀಟಿ ಇಲ್ಲದ ಕಲ್ಲಿಗೆ ಅರ್ಧ ಮರ್ಯಾದೆಯೂ ಇಲ್ಲವಂತೆ. ನಾಸಿಕ್, ಜಲಗಾಂವ್ ಕಡೆ ಕರಿ ಬಂಡೆ ಒಡೆಯುವಾಗ ಸಿಗುವ ಅಪೋಫಿಲೈಟ್, ಸ್ಟಿಲ್ಬೈಟ್ ಹರಳುಗಳಿಗೆ ಹೊರದೇಶದಲ್ಲೆಲ್ಲ ಗಿರಾಕಿ ಇದ್ದಾರೆ, ಅವರು ಮೊದಲು ಕೇಳುವುದೇ ಯಾವ ಊರಿನದು ಅಂತ. ಇವಳೂ ಒಮ್ಮೆ ಸಿಟ್ರಿನ್ ಅನ್ನುವ ಹಳದಿ ಹರಳು ಅಂತ ಕೊಂಡು ಮೋಸ ಹೋಗಿದ್ದಾಳೆ. ತುದಿ ಕಿತ್ತಳೆ, ಬುಡ ಬೆಳ್ಳಗಿದ್ದರೆ ಅದು ನೇರಳೆ ಅಮೆಥಿಸ್ಟನ್ನು ಬೆಂಕಿಗೆ ಕಾಯಿಸಿದ್ದು ಅಂತ ಈಗ ನನಗೇ ಪಾಠ ಮಾಡುತ್ತಾಳೆ.

ಗಡಿಯಾರ, ಕಲ್ಲು, ಗಿಂಡಿ ಯಾವುದೇ ಆಗಲಿ, ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಅನ್ನುವುದಕ್ಕೇ ಅರ್ಧ ಬೆಲೆ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. ಬರೀ ಕಬ್ಬಿಣ, ಚಿನ್ನಕ್ಕೆ ಅಷ್ಟು ಯಾರು ಕೊಡುತ್ತಾರೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಜೊತೆಗಿತ್ತು. ನಮ್ಮಲ್ಲಿ ಆ ಕಥೆ ಗೊತ್ತಿರುವುದು ಮನೆಯವರಿಗೆ ಮಾತ್ರ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ, ಓಮ್ನಿ ಹತ್ತಿದ ಮೇಲೆ ಅದರ ಜಾಗಕ್ಕೆ ಅರಸರು ಬರುತ್ತಾರೆ.

ಈ ಅರಸರ ಹೆಸರಲ್ಲಿ ನಡೆಯುವ ಮೋಸವೂ ನಮ್ಮ ಕಡೆ ಜಾಸ್ತಿ. ಕೆಳದಿ ನಾಯಕ ಅರಸರ ಇಕ್ಕೇರಿ ವರಾಹ ನಿಜವಾದದ್ದು ಚಂದದ ಚಿನ್ನದ ನಾಣ್ಯ. ಒಂದು ಕಡೆ ಕೂತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ಶಿವ ಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂದುಗಡೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಅಂಥದ್ದು ಪಾಯ ತೆಗೆಯುವಾಗ ಕೊಡಗಟ್ಟಲೆ ಸಿಕ್ಕಿದೆ, ಕಡಿಮೆಗೆ ಕೊಡುತ್ತೇವೆ ಅಂತ ಫೋನ್ ಬರುತ್ತದೆ. ಮೊದಲು ಒಂದು ಅಸಲಿ ಚಿನ್ನ ತೋರಿಸಿ, ಆಮೇಲೆ ಚೀಲದ ತುಂಬ ಹಿತ್ತಾಳೆ ಕೊಟ್ಟು ಹೋಗುತ್ತಾರೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು ಕಾನೂನು, ಮಾರಾಟದ ಮಾತೇ ಬರುವುದಿಲ್ಲ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಅಂತ ಚೆಂಬು ಮಾರುವ ಇನ್ನೊಂದು ಮೋಸ ಇದೆ, ಅದರ ಬಗ್ಗೆ ಬರೆಯಲು ನನಗೇ ನಾಚಿಕೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಸಿಗುತ್ತದೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಅನ್ನುವವರ ಬಗ್ಗೆಯೂ ಹುಷಾರು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯವಹಾರ ಮಾಡುವವರನ್ನು ನಂಬಬೇಡಿ ಅಂತ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರ್ಕಾರದ ಮ್ಯೂಸಿಯಂ ಇದೆ. ಕೆಳದಿಯಲ್ಲಿ ಓಲೆಗರಿ, ಕಡತ ಜೋಪಾನ ಮಾಡಿದ ಮ್ಯೂಸಿಯಂ ಇದೆ. ವರ್ಷಕ್ಕೆ ಎರಡು ದಿನ, ಅಡಿಕೆ ಕೊಯ್ಲು ಮುಗಿದ ಮೇಲೆ, ತಿಳಿದವರು ಒಂದು ಕಡೆ ಕೂತು ನಾವು ತಂದದ್ದನ್ನು ನೋಡಿ ಹೇಳಲಿ: ಇದು ನೂರು ವರ್ಷ ದಾಟಿದೆ, ನೋಂದಣಿ ಬೇಕಾದ ಬಗೆಯದ್ದು, ಮಾಡಿಸಿ. ಇದು ದಾಟಿಲ್ಲ, ಬೇಕಾದರೆ ಮಾರಿ. ಇದು ಮ್ಯೂಸಿಯಂಗೆ ಕೊಟ್ಟರೆ ಒಳ್ಳೆಯದು. ಮಾರುವಂಥದ್ದನ್ನು ಅಡಿಕೆ ಟೆಂಡರ್ ನಡೆಸಿ ಅನುಭವ ಇರುವ ಸಹಕಾರ ಸಂಘಗಳೇ ನಂಬರ್ ಹಾಕಿ, ಮನೆಯವರು ಹೇಳಿದ ಕಥೆಯನ್ನು ಅವರ ಸಹಿ ಹಾಕಿಸಿ ಬರೆದುಕೊಂಡು, ಇಷ್ಟಕ್ಕಿಂತ ಕಡಿಮೆಗೆ ಕೊಡಲ್ಲ ಅನ್ನುವ ಬೆಲೆ ಇಟ್ಟು, ನಾಲ್ಕು ಜನರ ಮುಂದೆ ಸವಾಲು ಹಾಕಲಿ. ಕಮಿಷನ್ ಎಷ್ಟು ಅಂತ ಬೋರ್ಡಿನಲ್ಲಿ ಬರೆದಿರಲಿ. ಹೀಗೆ ಮಾಡಿದರೆ ಜನ ಮನೆಯಲ್ಲಿದ್ದದ್ದನ್ನೆಲ್ಲ ಮಾರಿಬಿಡುತ್ತಾರೆ ಅಂತ ನನ್ನ ಸ್ನೇಹಿತರೊಬ್ಬರು ಆಕ್ಷೇಪ ಮಾಡಿದರು. ಮಾರುತ್ತಲೇ ಇದ್ದೇವಲ್ಲ ಮಾರಾಯ್ರೇ, ಕೆಜಿ ಲೆಕ್ಕದಲ್ಲಿ.

ಗಿಂಡಿಯ ವಿಷಯ ಹೇಳಿ ನಿಲ್ಲಿಸುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಅದರ ಸವಾಲು 3,600ಕ್ಕೆ ಬಂದಿದೆ. ಕೂಗಿದವನು ನಾನೇ. ಹೆಂಡತಿಗೆ ಇನ್ನೂ ಹೇಳಿಲ್ಲ, ಪತ್ರಿಕೆಯಲ್ಲೇ ಓದಲಿ. ಹರಾಜು ಬರುವ ಭಾನುವಾರ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಈ ಪತ್ರ ಅಚ್ಚಾದರೆ ಓದುಗರಲ್ಲಿ ಒಂದು ಕೋರಿಕೆ: ತಳದಲ್ಲಿ "ಮ್ಮ" ಕೆಳಕ್ಕೆ ಜಾರಿರುವ ಗಿಂಡಿ ಕಂಡರೆ ದಯವಿಟ್ಟು ಅದಕ್ಕೆ ಸವಾಲು ಏರಿಸಬೇಡಿ.

ಇತಿ ನಿಮ್ಮ ಓದುಗ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು