ಆನ್‌ಲೈನ್ ಲೈವ್ ತರಗತಿ: ಅಭಿಪ್ರಾಯ ಬರೆಯುವ ಮುನ್ನ

ರಾಯಚೂರಿನ ಬಿಡಿಎಸ್ (ದಂತವೈದ್ಯ ಪದವಿ) ಗೆಳೆಯರೇ, ಲೈವ್ ತರಗತಿ ಬಗ್ಗೆ ಅಭಿಪ್ರಾಯ ಕೇಳಿದಾಗ ಬರೀ 'ಚೆನ್ನಾಗಿದೆ', 'ಬೇಡ' ಅಂತ ಬರೆದರೆ ಉಪಯೋಗವಿಲ್ಲ, ವಿಷಯವಾರು ಬರೆಯಿರಿ. ಓರಲ್ ಪೆಥಾಲಜಿ (ಬಾಯಿಯ ರೋಗಗಳ ಅಧ್ಯಯನ) ಸ್ಲೈಡ್ ಲೈವ್‌ನಲ್ಲೇ ಚೆಂದ. ಹಿಂದಿನ ಬೆಂಚಿಗೂ ಸ್ಪಷ್ಟ.

ಕ್ಯಾವಿಟಿ ಪ್ರಿಪರೇಶನ್, ಅಂದರೆ ಹುಳುಕು ಹಲ್ಲನ್ನು ತುಂಬಲು ಕೊರೆದು ಸಿದ್ಧಮಾಡುವುದು, ಹಾಗಲ್ಲ. ಅಮಾಲ್ಗಮ್‌ಗೆ (ಹಲ್ಲು ತುಂಬುವ ಲೋಹ ಮಿಶ್ರಣ) ಬೇಕಾದ 1.5ರಿಂದ 2 ಮಿ.ಮೀ. ಆಳ ಒಂದೇ ಕ್ಯಾಮೆರಾದಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಪ್ರೋಬ್ (ಆಳ ಅಳೆಯುವ ಕಡ್ಡಿ) ಇಟ್ಟು ಪಕ್ಕದಿಂದಲೂ ತೋರಿಸಲಿ ಅಂತ ಕೇಳಿ. ಹಲ್ಲಿನ ಅಚ್ಚು ತೆಗೆಯಲು ನೀರಲ್ಲಿ ಕಲಸುವ ಆಲ್ಜಿನೇಟ್ ಪುಡಿ ಬಗ್ಗೆ ಖಂಡಿತ ಬರೆಯಬೇಕು: ಎಸಿ ಕೋಣೆಯ ಡೆಮೊ ನೋಡಿ ನಮ್ಮ ಬೇಸಿಗೆಯ ಟ್ಯಾಂಕ್ ನೀರಲ್ಲಿ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗುತ್ತದೆ, ಬಿಸಿ ನೀರು ಸೆಟ್ಟಿಂಗ್ ಬೇಗ ಮಾಡುತ್ತದೆ. ನೀರಿನ ಉಷ್ಣತೆ, ಸುಮಾರು 20 ಡಿಗ್ರಿ, ಡೆಮೊದಲ್ಲೇ ಹೇಳಬೇಕು.

ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ. ಸ್ಲೈಡ್ ಪಿಡಿಎಫ್ ಹಿಂದಿನ ರಾತ್ರಿಯೇ ಸಿಕ್ಕರೆ ಮೊಬೈಲ್ ಡೇಟಾದಲ್ಲಿ ಧ್ವನಿ ಮಾತ್ರ ಕೇಳಿಯೂ ಪಾಠ ಹಿಡಿಯಬಹುದು.