ಅಪಚಾರ ಅನ್ನುವ ಮಾತು: ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರೀತಿಯ ಗೆಳೆಯಾ,

ನಿನ್ನ ಅನುವಾದದ ಹಾಳೆಗಳು ಮೊನ್ನೆ ಬಂದವು. ರಾತ್ರಿ ಕೂತು ಪೂರ್ತಿ ಓದಿದೆ. ಚೆನ್ನಾಗಿ ಬಂದಿದೆ. ಆದರೆ ಮೂಲದಲ್ಲಿ ಬ್ಲಾಸ್ಫೆಮಿ (blasphemy) ಅಂತ ಇದ್ದಲ್ಲೆಲ್ಲ ‘ಅಪಚಾರ’ ಅಂತ ಬರೆದಿದ್ದೀಯಲ್ಲ, ಅದೊಂದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಈ ಪತ್ರ.

ಬ್ಲಾಸ್ಫೆಮಿ ಗ್ರೀಕ್ ಕಡೆಯಿಂದ ಬಂದದ್ದು. ಕೆಟ್ಟದ್ದು ಆಡುವುದು, ಹಳಿಯುವುದು ಅಂತ ಅದರ ಮೂಲ ಅರ್ಥ. ಅಂದರೆ ಬಾಯಿಂದ ಆಗುವ ತಪ್ಪು. ಅದಕ್ಕೆ ನಮ್ಮಲ್ಲಿ ‘ನಿಂದೆ’ ಇದೆ: ದೈವನಿಂದೆ, ಗುರುನಿಂದೆ, ಶಿವನಿಂದೆ. ನಿಂದೆಯನ್ನು ಯಾವಾಗಲೂ ಇನ್ನೊಬ್ಬರ ಮೇಲೆ ಹೊರಿಸುತ್ತೇವೆ. ‘ನಾನು ದೈವನಿಂದೆ ಮಾಡಿದೆ’ ಅಂತ ಯಾರಾದರೂ ತಾವಾಗಿ ಹೇಳಿಕೊಂಡದ್ದನ್ನು ನಾನಂತೂ ಕೇಳಿಲ್ಲ.

ಅಪಚಾರದ ದಾರಿಯೇ ಬೇರೆ. ಅದರ ಜೋಡಿ ಮಾತು ಉಪಚಾರ. ಪೂಜೆಯಲ್ಲಿ 16 ಉಪಚಾರ ಅಂತಾರಲ್ಲ, ಅವನ್ನು ಒಮ್ಮೆ ಬಿಡಿಸಿ ನೋಡು. ಬಾ ಅಂತ ಕರೆಯುವುದು, ಕೂರಲು ಆಸನ, ಕಾಲಿಗೆ ನೀರು, ಕೈಗೆ ನೀರು, ಉಡಲು ಬಟ್ಟೆ, ಆಮೇಲೆ ನೈವೇದ್ಯ. ಬಿಸಿಲಲ್ಲಿ ಬಂದವರಿಗೆ ನಮ್ಮ ಕಡೆ ಮಾಡುವುದೂ ಇದೇ ಅಲ್ವಾ? ಕಾಲಿಗೆ ತಂಬಿಗೆ ನೀರು, ಕೂರಲು ಜಮಖಾನೆ, ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ, ಆಮೇಲೆ ‘ಊಟಕ್ಕ ಏಳ್ರಿ’. ದೇವರು ಮನೆಗೆ ಬಂದ ನೆಂಟ. ಆ ನೆಂಟನ ಮರ್ಯಾದೆಯಲ್ಲಿ ಕೊರತೆ ಆದರೆ ಅದು ಅಪಚಾರ. ಹಾಗಾಗಿ ಅದು ಮನೆಯವನು ಆಡುವ ಮಾತು. ನನ್ನಿಂದ ತಪ್ಪಾಯಿತು ಅನ್ನುವವನ ಮಾತು.

ಇದು ನನಗೆ ತಿಳಿದದ್ದು ನಮ್ಮ ಆಯಿಯಿಂದ. ನನಗಾಗ ಒಂಬತ್ತೋ ಹತ್ತೋ ವರ್ಷ. ಊರಲ್ಲಿ ಮೊಹರಂ. ಅಲಾಯಿ ದೇವರು, ಅಂದರೆ ಕೈಯಾಕಾರದ ಪಂಜಾಗಳು, ಕೂತಿದ್ದವು. ಚೆಂಡು ಒಳಗೆ ಹೋಯಿತು ಅಂತ ನಾನು ಕೆಸರು ಚಪ್ಪಲಿಯಲ್ಲೇ ಪಂಜಾಗಳ ಮುಂದಿನ ಚಾಪೆ ತುಳಿದುಬಿಟ್ಟೆ. ಹಸಿರು ಚಾಪೆ ಮೇಲೆ ನನ್ನ ಎರಡು ಹೆಜ್ಜೆ ಎದ್ದು ಕಾಣುತ್ತಿದ್ದವು. ಯಾರೂ ಬೈಯಲಿಲ್ಲ. ಆಯಿ ಬಂದಳು, ಸೆರಗಿನಿಂದಲೇ ಚಾಪೆ ಒರೆಸಿದಳು. ಮನೆಗೆ ಹೋಗಿ ಕಾಗದದಲ್ಲಿ ಸಕ್ಕರೆ ಕಟ್ಟಿಕೊಂಡು ಬಂದು ಮುಲ್ಲಾನ ಕೈಗೆ ಕೊಟ್ಟಳು. ಪಂಜಾದ ಕಡೆ ನೋಡಿ, ‘ನಮ್ಮಿಂದ ಅಪಚಾರ ಆತಪ್ಪಾ, ಸಣ್ಣಾವ ಅದಾನ, ಹೊಟ್ಟಿಗೆ ಹಾಕ್ಕೋ’ ಅಂದಳು. ಮುಲ್ಲಾ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿದ. ನವಿಲುಗರಿಯ ಕಟ್ಟನ್ನು ನನ್ನ ತಲೆಗೆ ಮುಟ್ಟಿಸಿ, ಅದೇ ಸಕ್ಕರೆಯಲ್ಲಿ ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದ. ಅಲ್ಲಿಗೆ ಮುಗಿಯಿತು.

‘ನಮ್ಮಿಂದ’ ಅಂದಳು, ನೋಡು. ತುಳಿದವನು ನಾನು. ಬೇಕಂತ ತುಳಿದದ್ದೂ ಅಲ್ಲ. ಆದರೂ ಅಪಚಾರ ಅಪಚಾರವೇ, ಅದನ್ನು ಹೊತ್ತವಳು ಅವಳು.

ಕಾನೂನು ಹೀಗಲ್ಲ. ಅಲ್ಲಿ ಉದ್ದೇಶವೇ ಮುಖ್ಯ. 1927ರಲ್ಲಿ ಭಾರತೀಯ ದಂಡ ಸಂಹಿತೆಗೆ (ಐಪಿಸಿ) ಸೇರಿಸಿದ 295ಎ ಕಲಂ, ಬೇಕೆಂದೇ, ದುರುದ್ದೇಶದಿಂದ ಒಂದು ವರ್ಗದ ಜನರ ಧಾರ್ಮಿಕ ಭಾವನೆ ಕೆರಳಿಸುವುದನ್ನು ಅಪರಾಧ ಅನ್ನುತ್ತದೆ. 2024ರ ಜುಲೈ 1ರಿಂದ ಅದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ. ಅಲ್ಲಿ ನೊಂದವರು ಜನ, ದೇವರಲ್ಲ. ನಿನ್ನ ಲೇಖನದಲ್ಲಿ ಈ ಕಲಂ ಬರುವ ಕಡೆ ಅಪಚಾರವೂ ಬೇಡ, ದೈವನಿಂದೆಯೂ ಬೇಡ. ಧರ್ಮಕ್ಕೆ ಅವಮಾನ ಅಂತ ನೇರವಾಗಿ ಬರಿ.

ಇಲ್ಲಿ ಹಳೆ ಊರಿನ ಕಡೆ ಉರ್ದು ಮಾತಾಡುವವರು ‘ಬೇಅದಬಿ’ ಅಂತಾರೆ. ಅದಬು, ಅಂದರೆ ಮರ್ಯಾದೆ, ಇಲ್ಲದ ನಡೆ ಅಂತ. ಪಂಜಾಬಿನಲ್ಲಿ ಗುರು ಗ್ರಂಥ ಸಾಹಿಬಿಗೆ ಅಗೌರವ ಆದರೂ ಇದೇ ಮಾತು. ನಮ್ಮ ಅಪಚಾರಕ್ಕೆ ಹತ್ತಿರದ ನೆಂಟ ಇದು, ಬ್ಲಾಸ್ಫೆಮಿ ಅಲ್ಲ.

ಶ್ರೀವೈಷ್ಣವರಲ್ಲಿ ಇನ್ನೊಂದು ವಿಚಾರ ಇದೆ. ಭಗವಂತನಿಗೆ ಮಾಡಿದ ಅಪಚಾರಕ್ಕಿಂತ ಅವನ ಭಕ್ತರಿಗೆ ಮಾಡಿದ್ದು ದೊಡ್ಡದು ಅಂತಾರೆ. ನನಗೆ ಅದು ಬಹಳ ಹಿಡಿಸಿತು.

ಈಗೀಗ ‘ಅಪಚಾರ ಎಸಗಿದವನನ್ನು ಬಿಡಬೇಡಿ’ ಅಂತ ಮೊಬೈಲಿನಲ್ಲಿ ಓದುತ್ತೇನೆ. ಪ್ರತಿ ಸಲವೂ ಸಂಕಟ ಆಗುತ್ತದೆ. ಕೈ ಮುಗಿದು ಆಡುತ್ತಿದ್ದ ಮಾತನ್ನು ಬೆರಳು ತೋರಿಸಿ ಆಡುತ್ತಿದ್ದಾರೆ. ನಿನ್ನ ಬರಹವೂ ಅದಕ್ಕೆ ಸೇರಬಾರದು ಅಂತಲೇ ಇಷ್ಟು ಹಟ ಮಾಡುತ್ತಿದ್ದೇನೆ.

ಬ್ಲಾಸ್ಫೆಮಿ ಇರುವ ಕಡೆ ದೈವನಿಂದೆ ಅಂತಲೇ ಹಾಕು. ಕೊನೆಯ ಪುಟದಲ್ಲಿ ಒಬ್ಬ ಮುದುಕಿ ಮೊಂಬತ್ತಿ ಹಚ್ಚುವುದನ್ನು ಮರೆತು, ಮಾರನೆ ದಿನ ಚರ್ಚಿನಲ್ಲಿ ಮಂಡಿಯೂರಿ ಅಳುತ್ತಾಳಲ್ಲ, ಅಲ್ಲಿ ಮೂಲದಲ್ಲಿ ಬರೀ ‘ತಪ್ಪು’ ಅಂತಿದೆ. ಅಲ್ಲಿ ಬೇಕಾದರೆ ಅಪಚಾರ ಇಡು. ಅವಳ ಬಾಯಲ್ಲಿ ಅದು ಸರಿಯಾಗಿ ಕೂರುತ್ತದೆ.

ನಿನ್ನ ಗೆಳೆಯ